ಕಣ್ಣಿನ ವಖಾರಿಯಲ್ಲಿ ಬೀರಿ

ಅಂಕೋಲೆಗೆ ಕಣ್ಣಿನ ಡಾಕ್ಟರರು ಬರುತ್ತಾರಂತೆ ಎಂಬ ಸುದ್ದಿ ಬೊಬ್ರುವಾಡಕ್ಕೆ ಮುಟ್ಟಿದಾಗ ಬೀರಿ ಬಾವಿಕಟ್ಟೆಯ ಹತ್ತಿರ ಕೂತು ಪೇಟೆಗೆ ಒಯ್ಯುವ ಹರಿವೆಸೊಪ್ಪು ಕಟ್ಟುತ್ತಿದ್ದಳು. ಸುದ್ದಿ ತಂದವನು ಅವಳ ಗಂಡ ಸುಕ್ರ. ಮುಂಬಯಿಯ ಡಾಕ್ಟರಂತೆ, ಪೊರೆ ಬಂದ ಕಣ್ಣನ್ನು ಕೊಯ್ದು ಮತ್ತೆ ಕಾಣುವ ಹಾಗೆ ಮಾಡುತ್ತಾರಂತೆ, ಬಡವರಿಂದ ಏನೂ ತೆಗೆದುಕೊಳ್ಳುವುದಿಲ್ಲವಂತೆ. ಪೇಟೆಯ ದೊಡ್ಡ ವ್ಯಾಪಾರಿಯೊಬ್ಬರು ತಮ್ಮ ಕೊಬ್ಬರಿ ವಖಾರಿಯನ್ನೇ ಖಾಲಿ ಮಾಡಿ ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದರು. ಅದನ್ನು ತೊಳೆಯಲು ಹೆಂಗಸರು ಬೇಕಾಗಿದ್ದರು.

“ಕಣ್ಣು ಕೊಯ್ತ್ರು ಅಂದ್ರೆ ಎಂತದು ಮಾರಾಯ? ಕೊಯ್ದ ಮೇಲೆ ಕಾಣೂದು ಹೆಂಗೆ?” ಬೀರಿ ಸೊಪ್ಪನ್ನು ಅಲ್ಲೇ ಬಿಟ್ಟು ಎದ್ದಳು. “ನಾ ನೋಡೂಕೆ ಹೋಗ್ತೆ.”

“ತೊಳೂಕೆ ಕರ್ದದ್ದು, ನೋಡೂಕಲ್ಲ,” ಎಂದ ಸುಕ್ರ. ಅಷ್ಟರಲ್ಲಿ ಅವಳು ಅರ್ಧ ದಾರಿ ಹೋಗಿಯಾಗಿತ್ತು.

ಬೀರಿ ಹಾಲಕ್ಕಿ ಒಕ್ಕಲಿಗರ ಮನೆಯ ಹೆಂಗಸು. ಕುಳ್ಳಗೆ, ತೆಳ್ಳಗೆ ಇದ್ದಳು. ಕೊರಳ ತುಂಬ ಕರಿಮಣಿ ಸರ. ದನಿ ಮಾತ್ರ ಆಳಿಗೆ ತಕ್ಕದ್ದಾಗಿರಲಿಲ್ಲ. ಅವಳು ಇಲ್ಲಿ ಮಾತಾಡಿದರೆ ಹಳ್ಳದ ಆಚೆಯವರು ಉತ್ತರ ಕೊಡುತ್ತಿದ್ದರು. ಭತ್ತದ ಸಸಿ ನೆಡುವ ನೆಟ್ಟಿಯ ದಿನಗಳಲ್ಲಿ ಅವಳಿದ್ದ ಗದ್ದೆಗೆ ಆಳುಗಳು ತಾವಾಗಿ ಬರುತ್ತಿದ್ದರು. ಅವಳ ಮಾತು ಕೇಳುತ್ತ ಬಗ್ಗಿದರೆ ಸೊಂಟ ನೋಯುವುದು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು.

ವಖಾರಿಯಲ್ಲಿ ಬೀರಿ ಉಳಿದ ಹೆಂಗಸರ ಜೊತೆ ನೆಲ ತಿಕ್ಕಿದಳು, ಗೋಡೆಗೆ ಸುಣ್ಣ ಬಳಿದಳು, ಹಂಚಿನ ಸಂದಿಯ ಜೇಡರ ಬಲೆ ತೆಗೆದಳು. ಎಷ್ಟು ತೊಳೆದರೂ ಕೊಬ್ಬರಿಯ ವಾಸನೆ ಹೋಗಲಿಲ್ಲ. ಸಂಜೆ ಕಾರವಾರದ ಬಸ್ಸಿನಿಂದ ಬಿಳಿ ಸೀರೆಯ ನರ್ಸೊಬ್ಬರು ಇಳಿದರು. ಹೆಸರು ಗೋದಾವರಿ, ಹಣಕೋಣದ ಕಡೆಯವರು. ಹಡಗು ಹತ್ತಿ ಮುಂಬಯಿಗೆ ಹೋಗಿ, ನರ್ಸಿಂಗ್ ಕಲಿತು, ಕೆಲವು ವರ್ಷ ಅಲ್ಲೇ ದುಡಿದು, ಈಗ ಕಾರವಾರದ ಆಸ್ಪತ್ರೆಗೆ ಬಂದಿದ್ದರು. ಮುಖದಲ್ಲಿ ನಗು ಎಂಬುದು ಹೆಸರಿಗೂ ಇರಲಿಲ್ಲ. ಜೊತೆಗೆ ಬರಬೇಕಾಗಿದ್ದ ಆಯಾ ಜ್ವರ ಬಂದು ಮಲಗಿದ್ದಳು. ನರ್ಸ್‌ಬಾಯಿ ತೊಳೆಯುವ ಹೆಂಗಸರತ್ತ ತಿರುಗಿ, “ಪಟ್ಟಿ ಬಿಚ್ಚುವ ತನಕ ಇಲ್ಲೇ ಇದ್ದು ರೋಗಿಗಳನ್ನು ನೋಡಿಕೊಳ್ಳಲು ಯಾರು ಬರುತ್ತೀರಿ?” ಎಂದು ಕೇಳಿದರು.

ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕಣ್ಣಿನ ರಕ್ತ, ಕೀವು, ಮಲಮೂತ್ರ ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು.

“ನಾ ಬತ್ತೆ ಬಾಯೋರೆ!” ಬೀರಿಯ ದನಿಗೆ ಮಾಡಿನ ಪಾರಿವಾಳ ಹಾರಿದವು.

ಗೋದಾವರಿಬಾಯಿ ಕಿವಿ ಮುಚ್ಚಿಕೊಂಡರು. “ಮೊದಲು ಮೆತ್ತಗೆ ಮಾತಾಡುವುದನ್ನು ಕಲಿ. ಇಲ್ಲ, ಮಾತೇ ಆಡಬೇಡ. ಕೊಯ್ದ ಕಣ್ಣು ಹಸಿ ಗಾಯ. ರೋಗಿ ಕೆಮ್ಮಬಾರದು, ಸೀನಬಾರದು, ಅಗಿಯಬಾರದು, ನಗಬಾರದು. ತಲೆ ಎತ್ತಿದರೆ ಗಾಯ ಬಾಯಿ ಬಿಡುತ್ತದೆ. ಮತ್ತೆ ಆ ಕಣ್ಣು ಹೋದ ಹಾಗೆಯೇ. ತಿಳಿಯಿತಾ? ಆ ಸರಗಳನ್ನೆಲ್ಲ ತೆಗೆದಿಡು.”

“ಸರ ತೆಗೂದಿಲ್ಲ. ಗಂಡ ಗಟ್ಟಿಯಾಗೇ ಇದ್ದಾನೆ,” ಎಂದಳು ಬೀರಿ, ತನ್ನಿಂದಾದಷ್ಟು ಮೆತ್ತಗೆ.

ನರ್ಸ್‌ಬಾಯಿ ಕುತ್ತಿಗೆಯವರೆಗೆ ಮುಚ್ಚುವ ಬಿಳಿ ಮೇಲಂಗಿಯೊಂದನ್ನು ಕೊಟ್ಟರು. ಅದು ಬೀರಿಯ ಪಾದದ ತನಕ ಬಂತು.

ಮರುದಿನ ಬೆಳಗಾಗುವ ಮುಂಚೆಯೇ ಅಂಗಳ ತುಂಬಿತ್ತು. ಮೊಮ್ಮಕ್ಕಳ ಹೆಗಲು ಹಿಡಿದು ಬಂದವರು, ಎತ್ತಿನ ಗಾಡಿಯಲ್ಲಿ ಬಂದವರು, ಕಂಬಳಿಯಲ್ಲಿ ಹೊತ್ತು ತಂದವರು. ಬೀರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಬ್ಬೊಬ್ಬರ ಮುಖವನ್ನೂ ಸಾಬೂನು ಹಾಕಿ ತೊಳೆದಳು, ಅವರ ಹೆಸರು ಕೇಳಿದಳು, ಊರು ಕೇಳಿದಳು, ಬೆಳೆ ಹೇಗಾಯಿತೆಂದೂ ಕೇಳಿದಳು. ಅವಳದೇ ಕೇರಿಯ ಹೊನ್ನಜ್ಜಿ ಮೇಜಿನ ಮೇಲೆ ಮಲಗಿದ್ದೇ ಬೀರಿಯ ಕೈಯನ್ನು ಬಿಡಲೊಲ್ಲಳು. ಡಾಕ್ಟರರು, “ಇರಲಿ, ಹಿಡಿದುಕೊಂಡೇ ನಿಲ್ಲು,” ಎಂದರು. ಹಾಗೆ ಬೀರಿ ಎಲ್ಲವನ್ನೂ ಹತ್ತಿರದಿಂದ ನೋಡುವಂತಾಯಿತು.

ಕಣ್ಣು ಮರಗಟ್ಟುವ ಹನಿ ಹಾಕಿದರು. ಸಣ್ಣ ಕತ್ತಿ ಹೊಳೆಯಿತು. ಡಾಕ್ಟರರ ಬೆರಳು ಅಲುಗಿದ್ದೂ ಕಾಣಲಿಲ್ಲ. ಬೂದಿ ಬಣ್ಣದ, ತೊಗರಿಬೇಳೆಯಷ್ಟು ದೊಡ್ಡ ಏನೋ ಒಂದು ಹೊರಗೆ ಜಾರಿತು. ಇಷ್ಟೇನಾ! ಇಷ್ಟು ವರ್ಷ ಹೊನ್ನಜ್ಜಿಯನ್ನು ಕತ್ತಲೆಯಲ್ಲಿ ಕೂರಿಸಿದ್ದು ಈ ಬೇಳೆಕಾಳೇ! ಬೀರಿಗೆ ನಗು ಉಕ್ಕಿ ಬಂತು. ಮೇಲಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡಳು. ಪಟ್ಟಿ ಕಟ್ಟಿ ಮುಗಿದು ಅಜ್ಜಿಯನ್ನು ಎತ್ತಿ ಮಲಗಿಸಿದ್ದೇ ತಡ, ಹಿತ್ತಲಿಗೆ ಓಡಿ ಬಾವಿಯೊಳಗೆ ಮುಖ ಹಾಕಿ ನಕ್ಕಳು. ಬಾವಿಯೂ ನಕ್ಕಿತು.

ಹಿಂದೆಯೇ ಬಂದಿದ್ದ ಗೋದಾವರಿಬಾಯಿ, “ಹುಚ್ಚು ಹಿಡಿಯಿತೇನೇ?” ಎಂದು ಗದರಿದರು.

“ಇಲ್ಲ ಬಾಯೋರೆ. ತಡ್ಯೂಕೆ ಆಗ್ಲಿಲ್ಲ. ನಿಮಗೆ ದಿನಾ ಇದು ನೋಡೂಕೆ ಸಿಗ್ತದಲ್ಲ! ಎಂತಾ ಪುಣ್ಯದ ಕೆಲ್ಸ ನಿಮ್ದು!”

ನರ್ಸ್‌ಬಾಯಿ ಕೈಯಲ್ಲಿದ್ದ ಬಟ್ಟಲನ್ನು ಒರೆಸುತ್ತ ಒಳಗೆ ಹೋದರು.

ಆಮೇಲಿನದು ಕಾಯುವ ಕೆಲಸ. ವಖಾರಿಯ ಉದ್ದಕ್ಕೂ ಎರಡು ಸಾಲು ಹಾಸಿಗೆ. ಪ್ರತಿಯೊಬ್ಬರ ಎರಡೂ ಕಣ್ಣಿಗೆ ಪಟ್ಟಿ, ತಲೆ ಹೊರಳದಂತೆ ಅತ್ತಿತ್ತ ಮರಳಿನ ಚೀಲ. ಬೀರಿ ಚಮಚದಲ್ಲಿ ಗಂಜಿ ಕುಡಿಸಿದಳು, ಬೆನ್ನಡಿಗೆ ಕೈ ಹಾಕಿ ಒರೆಸಿದಳು, ಬೆಡ್‌ಪಾನ್ ಇಟ್ಟಳು, ತೆಗೆದಳು. ಅದೊಂದೂ ಅವಳಿಗೆ ಅಸಹ್ಯವೆನಿಸಲಿಲ್ಲ. ಕಷ್ಟವಾದದ್ದು ಆ ಮೌನ. ಹೆಜ್ಜೆ ಸಪ್ಪಳ ಕೇಳಿದರೆ ರೋಗಿಗಳು, “ಯಾರು? ಯಾರದು?” ಎಂದು ಗಾಬರಿಯಾಗುತ್ತಿದ್ದರು. ಬೀರಿ ಮೇಲಂಗಿಯೊಳಗಿನ ಕರಿಮಣಿಯನ್ನು ಮೆಲ್ಲಗೆ ಅಲ್ಲಾಡಿಸಿ ತಾನೆಂದು ತಿಳಿಸುತ್ತಿದ್ದಳು. ಅಷ್ಟಕ್ಕೇ ಅವರ ಕೈಬೆರಳು ಸಡಿಲವಾಗುತ್ತಿದ್ದವು.

ಕೊಯ್ದ ಮರುದಿನ ಸಂಜೆ, ದೀಪ ಹಚ್ಚುವ ಹೊತ್ತು. ಅಮದಳ್ಳಿಯ ಜಟ್ಟಪ್ಪ ಎಂಬ ಮುದುಕ ಒಮ್ಮೆಲೇ ಕೂಗಿಕೊಂಡ.

“ಕಟ್ಟು ಒಡೀತು! ಉಪ್ಪುನೀರು ನುಗ್ತಾ ಅದೆ! ಏಳ್ರೋ!”

ಅವನದು ಹಳ್ಳದ ಬದಿಯ ಗಜನಿ ಗದ್ದೆ. ಕಡಲು ಉಬ್ಬುವ ಭರತದ ಉಪ್ಪುನೀರನ್ನು ಮಣ್ಣಿನ ಕಟ್ಟು ಹಾಕಿ ತಡೆದು ಭತ್ತ ಬೆಳೆಯುವ ಜಾಗ. ಕಟ್ಟು ಒಡೆದರೆ ವರ್ಷದ ಅನ್ನ ಹೋಯಿತು. ಕಣ್ಣು ಕಟ್ಟಿಕೊಂಡು ಮಲಗಿದ್ದ ಮುದುಕನಿಗೆ ಹಗಲೋ ಇರುಳೋ, ಮನೆಯೋ ಗದ್ದೆಯೋ ತಿಳಿಯದೆ ಹೋಗಿತ್ತು. ಅವನು ಮರಳಿನ ಚೀಲ ದೂಡಿ ಏಳಲು ಹೊರಟ. ಒಂದು ಕೈ ಪಟ್ಟಿಗೇ ಹೋಯಿತು.

ಬೀರಿ ಹಾರಿ ಅವನ ಎರಡೂ ಕೈ ಹಿಡಿದಳು. ಗೋದಾವರಿಬಾಯಿ ಓಡಿ ಬಂದು ತಲೆಯನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದರು. “ಜಟ್ಟಪ್ಪ, ಇದು ಆಸ್ಪತ್ರೆ. ನಿಮ್ಮ ಕಣ್ಣು ಕೊಯ್ದಿದೆ. ಅಲ್ಲಾಡಬೇಡಿ!”

“ಎಂತ ಆಸ್ಪತ್ರೆ? ನೀರು ಬತ್ತಾ ಅದೆ! ಬಿಡ್ರಿ ನನ್ನ!” ದುಡಿದ ಮೈ. ಇಬ್ಬರು ಹೆಂಗಸರ ಹಿಡಿತಕ್ಕೆ ಬಗ್ಗುವಂತಿರಲಿಲ್ಲ. ಇನ್ನೊಂದು ಗಳಿಗೆ ಹೋದರೆ ಎದ್ದೇ ಬಿಡುತ್ತಿದ್ದ.

ಆಗ ಬೀರಿ ಅವನ ಕಿವಿಯ ಹತ್ತಿರ ಬಾಯಿ ತಂದಳು.

“ಜಟ್ಟಪ್ಪಣ್ಣ, ನಾ ಬೀರಿ. ಕಟ್ಟಿನ ಮೇಲೇ ನಿಂತಿದ್ದೆ. ಒಡದದ್ದು ಸಣ್ಣ ಜಾಗ. ನೀ ಮಲಕೊಂಡೇ ಹೇಳು, ಮಣ್ಣು ನಾವು ಹಾಕ್ತ್ರು.”

ಮುದುಕನ ಎಳೆದಾಟ ನಿಂತಿತು. “ಎಷ್ಟು ಜನ ಇದ್ರಿ?”

ಬೀರಿ ತಲೆಯೆತ್ತಿ ಸಾಲಾಗಿ ಮಲಗಿದ್ದವರನ್ನು ನೋಡಿದಳು. “ಹೊನ್ನಜ್ಜಿ, ತಲೆ ಅಲ್ಲಾಡಿಸ್ಬೇಡ. ನಿನ್ನ ಬುಟ್ಟಿ ಎಲ್ಲದೆ?”

ಹೊನ್ನಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ. “ಇಲ್ಲೇ ಅದೆ ಮಗಾ, ಸೊಂಟದ ಮೇಲೆ. ತುಂಬೂರು ಯಾರು?”

“ನನ್ನ ಗಾಡಿ ಹೂಡಾಯ್ತು!” ಆಚೆ ಸಾಲಿನಿಂದ ಗಾಡಿ ಹೊಡೆಯುವ ಮಾದೇವನ ದನಿ ಬಂತು. “ಗುಡ್ಡದ ಕೆಂಪು ಮಣ್ಣು ತತ್ತೆ. ದಾರಿ ಬಿಡ್ರಿ!”

“ಕೆಂಪು ಮಣ್ಣು ಬೇಡ, ಕರಗಿ ಹೋತದೆ. ಜೇಡಿಮಣ್ಣು ತಾ,” ಎಂದ ಜಟ್ಟಪ್ಪ, ಯಜಮಾನನ ಗತ್ತಿನಲ್ಲಿ.

“ಆತು, ಜೇಡಿಮಣ್ಣೇ ತತ್ತೆ!”

ಆಮೇಲಿನದನ್ನು ನೋಡಬೇಕಿತ್ತು. ಯಾರೂ ಕುತ್ತಿಗೆ ಅಲುಗಿಸಲಿಲ್ಲ, ಒಬ್ಬರಾದ ಮೇಲೆ ಒಬ್ಬರ ತುಟಿ ಮಾತ್ರ ಆಡಿತು. ಒಬ್ಬ ಗುದ್ದಲಿ ತಂದ. ಒಬ್ಬಳು ಹುಲ್ಲಿನ ಕಂತೆ ಹೊತ್ತಳು. ಯಾರೋ ಹಲಗೆ ಇಳಿಸಿ ನೀರಿನ ಬಾಗಿಲು ಮುಚ್ಚಿದರು. ಎರಡು ದಿನದಿಂದ ಕತ್ತಲೆಯಲ್ಲಿ ಒಬ್ಬೊಬ್ಬರೇ ಹೆದರಿ ಮಲಗಿದ್ದವರು ಈಗ ಒಂದೇ ಗದ್ದೆಯಲ್ಲಿ ನಿಂತಿದ್ದರು. ಬೀರಿಗೂ ಕಾಲ ಕೆಳಗೆ ಕೆಸರು ತಣ್ಣಗೆ ಹತ್ತಿದಂತಾಯಿತು.

“ಇನ್ನೊಂದು ಬುಟ್ಟಿ ಬೇಕು,” ಎಂದ ಜಟ್ಟಪ್ಪ. ದನಿ ಆಗಲೇ ಮಂದವಾಗಿತ್ತು.

“ನಾನು ತಂದೆ.”

ಬೀರಿ ತಿರುಗಿ ನೋಡಿದಳು. ಹೇಳಿದವರು ಗೋದಾವರಿಬಾಯಿ. ಮುದುಕನ ತಲೆಯನ್ನು ಹಾಗೆಯೇ ಹಿಡಿದುಕೊಂಡಿದ್ದರು. ಹಣೆಯಲ್ಲಿ ಬೆವರು. “ಎಲ್ಲಿ ಹಾಕಲಿ, ಜಟ್ಟಪ್ಪಣ್ಣ?”

“ಅಲ್ಲೇ… ಬೀರಿ ಕಾಲ ಹತ್ರ. ತುಳಿ, ಗಟ್ಟಿಯಾಗಿ ತುಳಿ…”

ಅವನು ನಿದ್ದೆ ಹೋದ. ಆ ಹೊತ್ತಿಗೆ ಬಾಗಿಲಲ್ಲಿ ಲಾಟೀನು ಹಿಡಿದು ಡಾಕ್ಟರರು ನಿಂತಿದ್ದರು. ಗದ್ದಲ ಕೇಳಿ ಊಟ ಬಿಟ್ಟು ಬಂದಿದ್ದರಂತೆ. ಮುದುಕನ ಪಟ್ಟಿ ಸಡಿಲಿಸಿ ಕಣ್ಣು ನೋಡಿದರು. ಬೀರಿ ಲಾಟೀನು ಹಿಡಿದು ನಿಂತಳು. “ಗಾಯಕ್ಕೆ ಏನೂ ಆಗಿಲ್ಲ,” ಎಂದರು ಡಾಕ್ಟರರು. ಆಮೇಲೆ ನರ್ಸ್‌ಬಾಯಿಯ ಕಡೆ ನೋಡಿ, “ನಾಳೆಯಿಂದ ದಿನಾ ಸಂಜೆ ಇವಳು ಮಾತಾಡಲಿ. ನಗಿಸುವುದು ಮಾತ್ರ ಬೇಡ,” ಎಂದರು.

ಬೀರಿ, ಗೋದಾವರಿಬಾಯಿ ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಬಂದು ಕೂತರು.

“ಉಂಡ್ರಾ ಬಾಯೋರೆ?”

ಅದೊಂದು ಮಾತಿಗೆ ನರ್ಸ್‌ಬಾಯಿಯ ಕಣ್ಣು ತುಂಬಿ ಬಂತು. “ಮುಂಬಯಿಯ ಆಸ್ಪತ್ರೆಯಲ್ಲಿ ನನ್ನನ್ನು ಈ ಮಾತು ಯಾರೂ ಕೇಳಲಿಲ್ಲ ಗೊ. ಮೇಲಿನವರು ಬಂದರೆ ಎದ್ದು ನಿಲ್ಲಬೇಕು, ಕೆಳಗಿನವರ ಜೊತೆ ಮಾತಾಡಬಾರದು. ಹೇಳಿದ್ದು ಮಾಡು, ಬಾಯಿ ಮುಚ್ಚು. ನಾನೂ ಹಾಗೆಯೇ ಆಗಿಬಿಟ್ಟೆ. ಈ ಕೆಲಸ ಬಿಟ್ಟು ಊರಿಗೆ ಹೋಗಿಬಿಡೋಣ ಎಂದುಕೊಂಡೇ ಈ ಸಲ ಬಂದಿದ್ದೆ.”

“ಈಗ?”

“ಈಗ ಹಸಿವಾಗಿದೆ,” ಎಂದು ಗೋದಾವರಿಬಾಯಿ ನಕ್ಕುಬಿಟ್ಟರು. ಬೀರಿ ಮಡಿಲಲ್ಲಿದ್ದ ಅವಲಕ್ಕಿ, ಬೆಲ್ಲದ ಗಂಟು ಬಿಚ್ಚಿದಳು. ಜಾತಿಗೀತಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಗಂಟು ಬರಿದಾಗುವ ತನಕ ತಿಂದರು.

ಪಟ್ಟಿ ಬಿಚ್ಚುವ ದಿನ ವಖಾರಿಯ ಕಿಟಕಿಗಳಿಗೆ ಹಸಿರು ಬಟ್ಟೆ ಕಟ್ಟಿದ್ದರು. ಮೊದಲು ಹೊನ್ನಜ್ಜಿ. ಅಜ್ಜಿ ರೆಪ್ಪೆ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ತನ್ನ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿ, “ಅಯ್ಯೋ, ಇಷ್ಟು ಮುದುಕಿ ಆಗ್ಹೋದ್ನಾ!” ಎಂದಳು. ಜಟ್ಟಪ್ಪನ ಸರದಿ ಬಂದಾಗ ಬೀರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವನು ಮಂಜು ಮಂಜಾಗಿ ಸುತ್ತ ನೋಡಿದ. ಡಾಕ್ಟರರ ಬೆರಳನ್ನು ಸರಿಯಾಗಿ ಎಣಿಸಿದ. ಇಡೀ ವಖಾರಿ ಹೋ ಎಂದಿತು.

ಕಟ್ಟು ಒಡೆದ ಸಂಜೆಯದು ಅವನಿಗೆ ಒಂದೂ ನೆನಪಿರಲಿಲ್ಲ. ಮಾದೇವ ಎಲ್ಲವನ್ನೂ ಬಣ್ಣ ಹಚ್ಚಿ ಹೇಳಿದ. ಮುದುಕ ಗಂಭೀರವಾಗಿ ಕೇಳಿ, “ಬರೀ ಮಣ್ಣು ಸುರದ್ರಾ? ಗೂಟ ಹೊಡೀಲಿಲ್ವಾ? ಅದು ಮುಂದಿನ ಭರತಕ್ಕೇ ಹೋತದೆ!” ಎಂದು ಎಲ್ಲರನ್ನೂ ಬೈದ.

ಗೋದಾವರಿಬಾಯಿ ಹೊರಡುವ ಮುಂಚೆ ಬೀರಿಯನ್ನು ಕಾರವಾರದ ಆಸ್ಪತ್ರೆಗೆ ಆಯಾ ಆಗಿ ಬರುತ್ತೀಯಾ ಎಂದು ಕೇಳಿದರು. ಕಾಯಂ ಕೆಲಸ, ಇರಲು ಒಂದು ಕೋಣೆ. ಬೀರಿ ಮನೆಗೆ ಓಡಿದಳು. ಸುಕ್ರ ಎತ್ತಿಗೆ ಹುಲ್ಲು ಹಾಕುತ್ತಿದ್ದ.

“ರೋಗದವರ ಮಧ್ಯ ಇರ್ಬೇಕಲ್ಲೇ,” ಎಂದ ಅವನು. “ಜನ ಎಂತ ಅಂತ್ರು?”

“ಜನ ಅಂದದ್ದು ಅನ್ಲಿ. ನಿಂಗೆ ಎಂತ ಅನಿಸ್ತದೆ, ಅದು ಹೇಳು.”

ಸುಕ್ರ ಹುಲ್ಲಿನ ಹೊರೆ ಕೆಳಗಿಟ್ಟ. “ನಾ ಅಲ್ಲಿಗೆ ಬಂದಾಗೆಲ್ಲ ನಿನ್ನ ಮುಖ ನೋಡ್ತಿದ್ದೆ. ನಮ್ಮ ಮದ್ವಿ ದಿನ ಸಾ ಅಷ್ಟು ಖುಷಿ ಇರ್ಲಿಲ್ಲ ನಿಂಗೆ,” ಎಂದ. ಬೀರಿ ಅವನ ಬೆನ್ನಿಗೊಂದು ಗುದ್ದಿದಳು. ಗದ್ದೆಯನ್ನು ತಮ್ಮನ ಪಾಲಿಗೆ ಬಿಟ್ಟು, ಅವನೂ ಅವಳ ಜೊತೆ ಹೊರಡುವುದೆಂದಾಯಿತು. ಕಾರವಾರದ ಬಂದರಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಬರವಿರಲಿಲ್ಲ.

ಆಸ್ಪತ್ರೆಯ ಮೊದಲ ಬೆಳಿಗ್ಗೆ ಬೀರಿಯನ್ನು ಮಕ್ಕಳಿದ್ದ ಮೂಲೆಗೆ ಕಳಿಸಿದರು. ಬಿಸಿ ಗಂಜಿ ಬಿದ್ದು ಕಾಲು ಸುಟ್ಟುಕೊಂಡ ಗಂಗಿ ಎಂಬ ಹುಡುಗಿ, ಪಟ್ಟಿ ಬದಲಿಸಲು ಹೋದ ಇನ್ನೊಬ್ಬ ನರ್ಸನ್ನು ಒದ್ದು ಚೀರುತ್ತಿದ್ದಳು. ಅವರು ಬೇಸತ್ತು ಬಟ್ಟಲು ಹಿಡಿದು ದೂರ ನಿಂತಿದ್ದರು. ಬೀರಿ ಮೇಲಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೋಗಿ ಮಂಚದ ಪಕ್ಕದಲ್ಲಿ ನೆಲಕ್ಕೆ ಕೂತಳು.

“ಏನೇ ಗಂಗಿ, ನಿಮ್ಮನೇಲಿ ಎಮ್ಮೆ ಅದ್ಯಾ?”

ಹುಡುಗಿ ಅಳು ನಿಲ್ಲಿಸಿ, ಮೂಗು ಒರೆಸಿಕೊಂಡಳು. “ಅದೆ.”

“ಒದೀತದ್ಯಾ?”

“ನಂಗೆ ಒದೂದಿಲ್ಲ. ಅಪ್ಪಂಗೆ ಒದೀತದೆ.”

“ಎಂತಕೆ? ಅಪ್ಪ ಎಂತ ಮಾಡ್ದ ಅದಕ್ಕೆ?” ಎನ್ನುತ್ತ ಬೀರಿ, ಹತ್ತಿರ ಬರುವಂತೆ ನರ್ಸಿಗೆ ಕಣ್ಣಲ್ಲೇ ಹೇಳಿದಳು.