ಬಿಸಿಲ ಹಗ್ಗ, ನೆರಳ ಹಗ್ಗ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಮೆಟ್ಟಿಲ ಕೆಳಗಿನ ಒಗೆಯುವ ಕೋಣೆಯಲ್ಲಿ ನಾಲ್ಕು ಬಟ್ಟೆಗಂಟುಗಳು ಬಿದ್ದಿವೆ. ಈ ವರ್ಷದ ಕೊನೆಯ ರಗ್ಬಿ ಪಂದ್ಯಗಳು ನಿನ್ನೆ ಪರವೂರಿನಲ್ಲಿ ಮುಗಿದು, ರಾತ್ರಿ ಬಸ್ಸಿನಲ್ಲಿ ಬಂದಿಳಿದ ಗಂಟುಗಳಿವು. ರವಿಕೆಯ ತೋಳನ್ನು ಮೇಲಕ್ಕೆ ಮಡಚಿಕೊಂಡ ಅಜ್ಜಿ ಮೂರನ್ನು ನಲ್ಲಿಯ ಬಳಿಗೆ ಎಳೆದುಕೊಳ್ಳುತ್ತಾರೆ. ನಾಲ್ಕನೆಯದನ್ನು ಕಾಲಿನಿಂದ ಗೋಡೆಯ ಕಡೆಗೆ ತಳ್ಳುತ್ತಾರೆ.

“ಅದು ಇರ್ಲಿ. ಅದಕ್ಕೇನು ಅವಸರ ಇಲ್ಲ,” ಎನ್ನುತ್ತಾರೆ. ಕಣ್ಣು ಮಾತ್ರ ಆ ಗಂಟನ್ನು ಬಿಟ್ಟು ಕದಲುವುದಿಲ್ಲ.

ಮಕ್ಕಳು ಇವರನ್ನು ಕರೆಯುವುದು ಬಿಸಿಲಜ್ಜಿ ಎಂದು. ಶಾಲೆಗೆ ನಾಲ್ಕು ರಗ್ಬಿ ತಂಡಗಳಿವೆ: ಹನ್ನೆರಡು ವರ್ಷದೊಳಗಿನ ಚಿಳ್ಳೆಪಿಳ್ಳೆಗಳದ್ದು, ಹದಿನಾಲ್ಕರೊಳಗಿನ ಹುಡುಗಿಯರದ್ದು, ಹದಿನಾರು ಮತ್ತು ಹದಿನೆಂಟರೊಳಗಿನ ಹುಡುಗರದ್ದು. ಓಡಿಸುವವರು, ಗದರುವವರು, ಸೀಟಿ ಊದುವವರು ಬೇಕಾದಷ್ಟಿದ್ದಾರೆ. ಮೈದಾನದ ಅರ್ಧ ಕೆಸರನ್ನು ಹೊತ್ತು ಬರುವ ಜೆರ್ಸಿಗಳನ್ನು ಮತ್ತೆ ಜೆರ್ಸಿ ಮಾಡುವವರು ಮಾತ್ರ ಇವರೊಬ್ಬರೇ. ಹೋಟೆಲೊಂದರ ಹಾಸುಬಟ್ಟೆ ಒಗೆಯುತ್ತ ಅರ್ಧ ಆಯಸ್ಸು ಕಳೆದು, ಆ ಹೋಟೆಲು ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದರು. ಯಂತ್ರವೇನೋ ಇದೆ. ಆದರೆ ಈ ಕೆಸರನ್ನು ಹಾಗೇ ತುಂಬಿದರೆ ಅದು ಮುನಿಸಿಕೊಂಡು ನಿಂತುಬಿಡುತ್ತದೆ. ಹಾಗಾಗಿ ಮೊದಲ ನೀರು ಕೈಯಲ್ಲೇ. ಚಳಿಗಾಲದಲ್ಲಿ ಮಣಿಕಟ್ಟು ಹಿಡಿದುಕೊಂಡು, ರಾತ್ರಿ ಊಟದ ತಟ್ಟೆ ಎತ್ತುವುದೂ ಕಷ್ಟವಾಗುತ್ತದೆ.

“ಹೋಟ್ಲಲ್ಲಿ ಯಾರು ಮಲಗಿದ್ರೋ ಯಾರು ಎದ್ರೋ, ನಮಗೇನ್ ಗೊತ್ತು? ಇಲ್ಲಿ ಹಂಗಲ್ಲ. ಒಂದೊಂದು ಬಟ್ಟೆಗೂ ಒಂದೊಂದು ಮುಖ ಇದೆ.”

ಚಿಕ್ಕವರ ಗಂಟು ಬಿಚ್ಚಿದರೆ ಕಾಲುಚೀಲದಿಂದ ಕಲ್ಲು, ಚಾಕಲೇಟು ಕಾಗದ ಉದುರುತ್ತವೆ. ಒಮ್ಮೆ ಒಂದು ಹಾಲುಹಲ್ಲೇ ಸಿಕ್ಕಿತ್ತು. “ತೊಳೆದು ಕಾಗದದಲ್ಲಿ ಕಟ್ಟಿ ಕೊಟ್ಟೆ. ಆ ಪುಣ್ಯಾತ್ಮ ಥ್ಯಾಂಕ್ಸ್ ಹೇಳೋದು ಬಿಟ್ಟು ಬಾಯಿ ತೆಗೆದು ಜಾಗ ತೋರಿಸ್ದ!” ಹದಿನಾರರವರ ಬಟ್ಟೆಯಲ್ಲಿ ಬೆವರಿಗಿಂತ ಸೆಂಟಿನ ವಾಸನೆಯೇ ಜೋರು. ಹದಿನೆಂಟರವರದ್ದು ಕಾಲರು ಹರಿಯದೆ ಬಂದರೆ ಅಜ್ಜಿಗೇ ಅನುಮಾನ.

ಆಟದ ಫಲಿತಾಂಶವನ್ನು ಇವರು ಯಾರನ್ನೂ ಕೇಳುವುದಿಲ್ಲ. ಗೆದ್ದವರು ಜೆರ್ಸಿ ಕಳಚಿ ಉಂಡೆ ಮಾಡಿ ಎಸೆಯುತ್ತಾರೆ. ಸೋತವರು ಮಾತಿಲ್ಲದೆ ಕೂತು, ನೀಟಾಗಿ ಮಡಚಿ ಇಡುತ್ತಾರೆ. ಇವತ್ತು ಹದಿನೆಂಟರವರ ಗಂಟಿನ ತುಂಬ ಉಂಡೆಗಳು. ಹದಿನಾರರವರದ್ದು ಮಡಿಕೆ ಮೇಲೆ ಮಡಿಕೆ. “ಪಾಪ, ಇಸ್ತ್ರಿ ಅಂಗಡಿಗೆ ಹಾಕ್ಬಹುದು ಇವರನ್ನ,” ಎಂದು ನೀರು ಬಿಡುತ್ತಾರೆ.

ಅಜ್ಜಿಗೆ ಬಿಸಿಲಜ್ಜಿ ಎಂಬ ಹೆಸರು ಬಂದದ್ದು ಒಂದು ಫೋಟೋದಿಂದ. ರಗ್ಬಿಯಲ್ಲಿ ಒಂದರಿಂದ ಹದಿನೈದರವರೆಗಿನ ಅಂಕಿಯವರು ಕಣಕ್ಕಿಳಿಯುತ್ತಾರೆ. ಹದಿನಾರರಿಂದ ಮುಂದಿನವರು ಬೆಂಚಿನಲ್ಲಿ ಕೂತು, ಕರೆ ಬಂದರೆ ಏಳಬೇಕು. ಹಿಂದಿನ ವರ್ಷದ ಕೊನೆಯಲ್ಲಿ ತೆಗೆದ ತಂಡದ ಫೋಟೋದಲ್ಲಿ, ಆಡಿದವರ ಜೆರ್ಸಿಗಳು ಉಜ್ಜಿ ಉಜ್ಜಿ ಮಾಸಿದ್ದವು. ಬೆಂಚಿನ ಮಕ್ಕಳದ್ದು ಮಾತ್ರ ಥಳಥಳ. ಹೊಸ ಬಟ್ಟೆ ಉಟ್ಟು ಬಂದ ನೆಂಟರಂತೆ ಅವರು ಅಂಚಿನಲ್ಲಿ ನಿಂತಿದ್ದರು. ಅದನ್ನು ನೋಡಿದ ಅಜ್ಜಿ ಇನ್ನೊಂದು ಹಗ್ಗ ತಂದು ಕಟ್ಟಿದರು.

ಅಂದಿನಿಂದ ಶಾಲೆಯ ಹಿತ್ತಲಲ್ಲಿ ಎರಡು ಹಗ್ಗ. ಆಡಿದವರ ಬಟ್ಟೆಗೆ ಚಾವಣಿ ಕೆಳಗಿನ ನೆರಳ ಹಗ್ಗ, ಇದ್ದಷ್ಟು ಬಣ್ಣ ಉಳಿಯಲಿ ಎಂದು. ಬೆಂಚಿನವರದ್ದಕ್ಕೆ ಸುಡುಬಿಸಿಲಿನ ಹಗ್ಗ, ಬೇಗ ಮಾಸಲಿ ಎಂದು. ವರ್ಷದ ಕೊನೆಗೆ ಎಲ್ಲರದ್ದೂ ಒಂದೇ ಬಣ್ಣ.

ಇದು ತಿಳಿಯದ ಆಟದ ಮೇಷ್ಟ್ರು ಒಮ್ಮೆ ಹೌಹಾರಿ ಓಡಿ ಬಂದಿದ್ದರಂತೆ.

“ಅಜ್ಜಿ, ಬಿಸಿಲಿಗೆ ಹಾಕಿದ್ರೆ ಬಣ್ಣ ಹೋಗುತ್ತೆ!”

“ಹೋಗ್ಲಿ ಅಂತಾನೇ ಹಾಕಿರೋದು ಸಾರ್.”

ಕಾರಣ ಕೇಳಿದ ಮೇಷ್ಟ್ರು ತಲೆ ಕೆರೆದುಕೊಂಡು ಹೊರಟುಹೋದರು. ಈಗ ಹಿತ್ತಲಿಗೆ ಬಂದರೆ ಬಿಸಿಲ ಹಗ್ಗದ ಕಡೆ ನೋಡುವುದೇ ಇಲ್ಲ.

ಈ ವರ್ಷ ಆ ಹಗ್ಗದಲ್ಲಿ ತಪ್ಪದೆ ತೂಗಿದ್ದು ಹುಡುಗಿಯರ ತಂಡದ ಇಪ್ಪತ್ತೆರಡನೇ ಅಂಕಿ. ಅದು ಅಜ್ಜಿಯ ಸ್ವಂತ ಮೊಮ್ಮಗಳದ್ದು. ಮಗಳು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್ ಆದ್ದರಿಂದ ಹುಡುಗಿ ಬೆಳೆದದ್ದು ಅಜ್ಜಿಯ ಮಗ್ಗುಲಲ್ಲೇ. ಮಳೆಯಿರಲಿ, ಚಳಿಯಿರಲಿ, ಅವಳು ಒಂದು ಅಭ್ಯಾಸವನ್ನೂ ತಪ್ಪಿಸಲಿಲ್ಲ. ಆದರೂ ಪ್ರತಿ ಪಂದ್ಯದಿಂದ ಅವಳ ಜೆರ್ಸಿ ಹೋದ ಹಾಗೇ ವಾಪಸು ಬಂತು. “ನೀನು ಪಂದ್ಯ ನೋಡೋಕೆ ಬರ್ಬೇಡಜ್ಜಿ. ನಾನು ಕೂತಿರೋದನ್ನ ನೋಡ್ತೀಯ,” ಎಂದಿದ್ದಳು. ಮೊನ್ನೆ ಚೀಲ ತುಂಬಿಕೊಳ್ಳುವಾಗ ಇನ್ನೊಂದು ಮಾತನ್ನೂ ಹೇಳಿದಳು: “ಇದೊಂದು ಸಲನೂ ಇಳಿಸ್ಲಿಲ್ಲ ಅಂದ್ರೆ, ಮುಂದಿನ ವರ್ಷ ನಾನು ಹೆಸರು ಕೊಡಲ್ಲ.”

ಬಸ್ಸು ಬರುವಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿತ್ತು. ಬೆಳಗ್ಗೆ ಹೊರಡುವಾಗ ಹುಡುಗಿ ಮುಸುಕು ಹೊದ್ದು ಮಲಗಿದ್ದಳು. “ಎಬ್ಬಿಸಿ ಕೇಳ್ಬಹುದಿತ್ತು. ಧೈರ್ಯ ಬರ್ಲಿಲ್ಲ ನೋಡಿ. ಒಗೆದ ಬಟ್ಟೆನೇ ಮತ್ತೆ ಒಗೆಯೋ ಸಂಕಟ ಯಾರಿಗೂ ಬೇಡ.”

ಮೂರು ಗಂಟು ಮುಗಿದಿವೆ. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಜ್ಜಿ ಕೈ ಒರೆಸಿಕೊಂಡು ಗೋಡೆ ಬದಿಯ ಗಂಟಿನ ಮುಂದೆ ಕುಕ್ಕರಿಸುತ್ತಾರೆ. ಮೇಲಿನ ಜೆರ್ಸಿ ಮಡಚಿದ್ದು. ಅದರ ಕೆಳಗಿನದೂ ಮಡಚಿದ್ದೇ. ಹುಡುಗಿಯರು ಸೋತಿದ್ದಾರೆ. ಅಜ್ಜಿ ಒಂದೊಂದನ್ನೇ ಎತ್ತಿ ಪಕ್ಕಕ್ಕಿಡುತ್ತ ಹೋಗುತ್ತಾರೆ. ತಳದಲ್ಲಿ, ಇಷ್ಟು ಮಡಿಕೆಗಳ ನಡುವೆ, ಒಂದೇ ಒಂದು ಉಂಡೆ ಸಿಗುತ್ತದೆ.

ಅದನ್ನು ಬಿಡಿಸಿದರೆ ಒಣಗಿದ ಕೆಸರು ನೆಲಕ್ಕೆ ಉದುರುತ್ತದೆ. ಎದೆಯ ಮೇಲೆ ಹುಲ್ಲಿನ ಹಸಿರು ಕಲೆ, ಭುಜದ ಹೊಲಿಗೆ ಬಿಟ್ಟಿದೆ. ಬೆನ್ನಿನ ಅಂಕಿ ಕಾಣಲು ಹೆಬ್ಬೆರಳಿನಿಂದ ಕೆಸರು ಉಜ್ಜಬೇಕಾಗುತ್ತದೆ. ಮೊದಲು ಎರಡರ ಅಂಕಿ ಕಾಣುತ್ತದೆ. ಅದರ ಪಕ್ಕ ಇನ್ನೊಂದು ಎರಡು.

“ಸೋತ್ರೂ ಉಂಡೆ ಕಟ್ಟಿ ಎಸ್ದಿದಾಳೆ, ಕತ್ತೆ,” ಎನ್ನುತ್ತಾರೆ ಅಜ್ಜಿ. ಕಣ್ಣಿಗೆ ಸೋಪು ಬಿತ್ತು ಎಂದು ಮುಖ ತಿರುಗಿಸುತ್ತಾರೆ. ಸೋಪು ಇನ್ನೂ ಡಬ್ಬಿಯಲ್ಲೇ ಇದೆ.

ಅದೊಂದನ್ನು ಬೇರೆಯಾಗಿ, ಸಾವಕಾಶವಾಗಿ ಒಗೆದು, ಬಕೆಟ್ಟಿಗೆ ಹಾಕಿಕೊಂಡು ಹಿತ್ತಲಿಗೆ ನಡೆಯುತ್ತಾರೆ. ಬಿಸಿಲು ಆಗಲೇ ಚುರುಗುಡುತ್ತಿದೆ. ರೂಢಿಯ ಕಾಲು ಬಿಸಿಲ ಹಗ್ಗದ ಕಡೆ ಹೋಗಿ, ಗಕ್ಕನೆ ನಿಂತು, ಹಿಂದಕ್ಕೆ ತಿರುಗುತ್ತದೆ.

“ಅಲ್ಲಲ್ಲ. ಇವತ್ತು ಇವಳದ್ದು ನೆರಳಿಗೆ.”