ಬೋಲ್ಟಿನ ಕೆಳಗಿನ ಬಣ್ಣ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಬಣ್ಣ ಕೆರೆಯಲಿಲ್ಲ. ಕೆರೆದಿದ್ದೇನೆಂದು ಸುಳ್ಳೂ ಹೇಳಿದೆ. ಕಾರಿಗೆ ಆಂಪ್ಲಿಫೈಯರ್ ಕೂಡಿಸುವ ಅಷ್ಟೂ ಕೆಲಸ ನೆಟ್ಟಗೆ ಮಾಡಿ, ಉಗುರಿನಷ್ಟು ಜಾಗದ ಒಂದೇ ಕೆಲಸ ಬಿಟ್ಟು ಒಂದು ವಾರ ಎಲ್ಲರನ್ನೂ ಹೈರಾಣ ಮಾಡಿದವನು ನಾನೇ.

ಕಾರು ಕರಜಗಿಯ ನನ್ನ ಕಾಕಾನದು. ಅದನ್ನು ಮಾರಿ ಹಾಲು ಸಾಗಿಸುವ ಟೆಂಪೊ ಕೊಳ್ಳಬೇಕೆಂದು ಕಾಕಾ ಕೂತಿದ್ದ. ಟೆಂಪೊದವನು ಸೋಮವಾರದವರೆಗೆ ಮಾತ್ರ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಎಂದಿದ್ದ. ಕಾಕಾ ಕಾರಿನ ಡಿಕ್ಕಿಯ ತಳಕ್ಕೂ ಬಿಡದೆ ಹೊಸ ಬಣ್ಣ ಹೊಡೆಸಿ ನನ್ನನ್ನು ಕರೆದ.

"ಇದರಾಗ ಒಂದು ಭಾರಿ ಬಾಜಾ ಕೂಡಿಸು, ಗಿರಾಕಿ ಓಡಿ ಬರ್ತಾರ. ಆದ್ರ ನೋಡು ಮಗನ, ಬಣ್ಣಕ್ಕ ಒಂದು ಗೀಟು ಬಿತ್ತಂದ್ರ ನಿನ್ನ ಚರ್ಮ ಕೆರೀತೇನಿ."

ಈ ಮಾತನ್ನು ಕಾಕಾನ ಮೂಗುದನಿಯಲ್ಲೇ ಊರೆಲ್ಲ ಹೇಳಿ ನಗಿಸಿದೆ. ಯಾರ ದನಿ ಬೇಕಾದರೂ ತೆಗೆಯುವುದು ನನ್ನ ಚಟ. ಚಟ ಇದ್ದವನಿಗೆ ಬುದ್ಧಿ ಇರಬೇಕೆಂದು ಕಾನೂನಿಲ್ಲ.

ಬ್ಯಾಟರಿಯಿಂದ ದಪ್ಪ ಕೆಂಪು ವೈರು ಎಳೆದೆ, ಫ್ಯೂಸ್ ಹಾಕಿದೆ. ಹಾಡಿನ ವೈರು ಅದಕ್ಕೆ ತಾಗದಂತೆ ಇನ್ನೊಂದು ಬದಿಯಿಂದ ತಂದೆ. ಉಳಿದದ್ದು ಕಪ್ಪು ವೈರು, ಅರ್ಥಿಂಗಿನದು. ಅದನ್ನು ಡಿಕ್ಕಿಯ ತಳದ ಬರೀ ತಗಡಿಗೆ ಬಿಗಿಯಬೇಕು, ನಡುವೆ ಬಣ್ಣ ಇದ್ದರೆ ಕರೆಂಟು ಸರಿಯಾಗಿ ಹರಿಯದು. ಕಾಕಾ ನನ್ನ ಬೆನ್ನ ಹಿಂದೆಯೇ ನಿಂತು ಎಲೆ ಅಡಿಕೆ ಜಗಿಯುತ್ತಿದ್ದ. ಬಣ್ಣದ ಮೇಲೆಯೇ ಬೋಲ್ಟು ತಿರುಗಿಸಿಬಿಟ್ಟೆ.

ಇಂಜಿನ್ ಚಾಲೂ ಮಾಡಿದರೆ ಸ್ಪೀಕರಿನಿಂದ ಹಾಡಿಗಿಂತ ಮೊದಲು "ಕುಂಯ್ಯ್ಯ್" ಎಂದು ಬಂತು. ಕಾಲು ಒತ್ತಿದಷ್ಟೂ ಆ ಕುಂಯ್ ಮೇಲೇರುತ್ತಿತ್ತು, ಗಿರಣಿಯ ಬೆಲ್ಟಿಗೆ ನಾಯಿಯ ಬಾಲ ಸಿಕ್ಕಂತೆ.

ಕಾರು ಒಯ್ದು ತೋರಿಸಿದಾಗ ಅಫಜಲಪುರದ ಗಾಡಿ ಎಲೆಕ್ಟ್ರಿಷಿಯನ್ ಕೇಳಿದ ಮೊದಲ ಪ್ರಶ್ನೆಯೇ ಅದು: "ಬಣ್ಣ ಕೆರೆದು ಬಿಗಿದೀಯಿಲ್ಲೋ?"

ಕಾಕಾ ಚಹಾ ಕುಡಿಯಲು ಹೋಗಿದ್ದ. ಖರೆ ಹೇಳಿದ್ದರೆ ಈತ ಬಣ್ಣ ಕೆರೆಯುತ್ತಿದ್ದ, ಕಾಕಾ ನನ್ನನ್ನು ಕೆರೆಯುತ್ತಿದ್ದ. "ಕೆರೆದೇನ್ರಿ, ಕನ್ನಡಿ ಹಂಗ ಹೊಳೀತದ" ಎಂದೆ.

ಪಾಪ, ನಂಬಿದ. ಹಾಡಿನ ವೈರು ಬದಲಿಸಿದ, ಬ್ಯಾಟರಿಯ ತುದಿ ತಿಕ್ಕಿದ, ಪ್ಲಗ್ಗು ಬಿಚ್ಚಿದ, ಆಲ್ಟರ್ನೇಟರಿನ ಹೊಟ್ಟೆ ಸೀಳಿದ. ಎರಡು ದಿನವಾದ ಮೇಲೆ ಪಾನಾ ಎಸೆದು, "ಒಯ್ರಿ ಮಾರಾಯ್ರೆ, ನನಗ ಹುಚ್ಚು ಹಿಡದೀತು" ಎಂದು ಕೈಮುಗಿದ.

ಕಾರು ಮನೆಗೆ ಬಂದ ಮೇಲೆ ಆಳಂದದ ಕಿಣ್ಣಿ ಸುಲ್ತಾನದಿಂದ ಬಂದ ಗಿರಾಕಿ ನೂರು ಹೆಜ್ಜೆ ಓಡಿಸಿ, "ಗೇರ್ ಬಾಕ್ಸ್ ಹೋಗ್ಯಾದ" ಎಂದು ಇಳಿದು ನಡೆದೇ ಹೋದ. ಮತ್ತೊಬ್ಬ ಆ ಸದ್ದು ಕೇಳಿ ಒಳಗೆ ಕೂರಲೂ ಇಲ್ಲ. ಬಾಜಾ ಬಿಚ್ಚಿಬಿಡೋಣ ಎಂದರೆ ಕಾಕಾ ಕೇಳಬೇಕಲ್ಲ! "ಅದರ ಸಲುವಾಗೇ ಗಾಡಿ ಹೋಗ್ತದಲೇ." ಹೋಗುತ್ತಿದ್ದವರು ಗಿರಾಕಿಗಳು.

ಭಾನುವಾರ ಜೇವರ್ಗಿ ಕಡೆಯ ಕೊಳಕೂರಿನಿಂದ ಒಬ್ಬ ನರ್ಸಬಾಯಿ ಬಂದರು. ಹಳ್ಳಿ ಹಳ್ಳಿ ತಿರುಗುವ ಕೆಲಸ, ಬಸ್ಸಿಗೆ ಕಾದು ಸಾಕಾಗಿತ್ತಂತೆ. ಅವರೇ ಸ್ಟೇರಿಂಗ್ ಹಿಡಿದರು. ಪಕ್ಕದಲ್ಲಿ ಕಾಕಾ, ಹಿಂದೆ ನಾನು. ಊರು ದಾಟುವಷ್ಟರಲ್ಲಿ ಕಾಕಾ ಹೆಮ್ಮೆಯಿಂದ ಬಾಜಾ ಹಚ್ಚಿದ. ಕುಂಯ್ಯ್ಯ್.

"ಏನ್ರಿ ಇದು?"

ಕಾಕಾನ ಮುಖ ನೋಡಲಾಗಲಿಲ್ಲ. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು: "ನಾನ್ರಿ ಮೇಡಂ! ಮಿಮಿಕ್ರಿ ಮಾಡಾಕತ್ತೇನಿ!" ಪುರಾವೆಗೆಂದು ಬರೋಬ್ಬರಿ ಅದೇ ಕುಂಯ್ ತೆಗೆದು ತೋರಿಸಿದೆ. ವಾರವಿಡೀ ಕೇಳಿದ್ದೆನಲ್ಲ.

ನರ್ಸಬಾಯಿ ಗಾಡಿ ಬದಿಗೆ ಹಾಕಿ ಚೀಲದಿಂದ ಥರ್ಮಾಮೀಟರ್ ತೆಗೆದರು. "ಬಾಯಿ ತೆರಿಯಪ್ಪ. ನಾಲಿಗಿ ಕೆಳಗ ಹಿಡಕೋ. ತುಟಿ ಮುಚ್ಚು." ಆಮೇಲೆ ಎಕ್ಸಲರೇಟರ್ ಒತ್ತಿದರು.

ಕುಂಯ್ಯ್ಯ್.

"ಜ್ವರ ಇಲ್ಲ" ಎಂದರು ಥರ್ಮಾಮೀಟರ್ ನೋಡಿ. "ಈಗ ಖರೆ ಹೇಳು."

ಹೇಳಿದೆ. ಕಾಕಾ ತಿರುಗಿ ನೋಡಿದ ನೋಟವನ್ನು ಮಾತ್ರ ಇಂದಿಗೂ ಅನುಕರಿಸಲು ಬಂದಿಲ್ಲ. ನರ್ಸಬಾಯಿ ಮಾತ್ರ, "ಇಷ್ಟೇನಾ! ಇ.ಸಿ.ಜಿ. ತೆಗಿಯೋ ಮುಂದ ಎದಿ ಮ್ಯಾಲ ಎಣ್ಣಿ ಇದ್ರ ಗೆರಿ ಹಿಂಗೇ ಕುಣೀತದ. ಒರಸಿ ಹಚ್ಚಿದ್ರ ಸುಮ್ಮನಾಗ್ತದ" ಎಂದು ಇಳಿದು ಡಿಕ್ಕಿ ತೆರೆದರು. ನನ್ನ ಪಾನಾದಿಂದ ನನ್ನ ಕೈಯಲ್ಲೇ ಬೋಲ್ಟು ಬಿಚ್ಚಿಸಿ, ಚಾಕು ಇಸಿದುಕೊಂಡು ತಾವೇ ಕರಕರ ಕೆರೆದರು. ಒಂದೊಂದು ಕೆರೆತಕ್ಕೂ ಕಾಕಾ "ಅಯ್ಯಯ್ಯೋ" ಎಂದು ತನ್ನ ತೋಳನ್ನೇ ಉಜ್ಜಿಕೊಂಡ. ಬೆಳ್ಳಗೆ ತಗಡು ಕಂಡಿತು. ನಾನು ವೈರು ಬಿಗಿದೆ. ಇಂಜಿನ್ ಚಾಲೂ ಆಯಿತು, ಅವರು ಪೂರ್ತಿ ಒತ್ತಿದರು. ಕುಂಯ್ ಇಲ್ಲ. ಹಾಡು ಮಾತ್ರ, ನೀರಿನಂತೆ.

ಕಾಕಾ ಕುಣಿಯಬೇಕಿತ್ತು. ಬದಲಿಗೆ ಡಿಕ್ಕಿಯೊಳಗೆ ಬಗ್ಗಿ ಆ ಉಗುರಗಲದ ಗಾಯಕ್ಕೆ ಬೆರಳು ಸವರುತ್ತ, "ಹೊಸಾ ಬಣ್ಣ ಕೆಡಿಸಿದ್ರಲ್ಲರಿ! ಈಗ ಇದನ್ನ ಯಾರು ತಗೋತಾರ?" ಎಂದು ಗೋಳಾಡತೊಡಗಿದ.

ನರ್ಸಬಾಯಿ ಇಂಜಿನ್ ಬಂದ್ ಮಾಡಿದರು, ಕೀಲಿಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು.

"ನಾ ತಗೊಂಡೇನಿ. ನನ್ನ ಗಾಡಿ ನಾ ಕೆರೆದ್ರ ನಿಮಗ್ಯಾಕ ಉರೀತದ್ರಿ?"