ಗುಂಡು ತುಂಬುತ್ತಿದ್ದ ಫಕೀರಪ್ಪ

ನನ್ನ ಮೈದುನ ಫಕೀರಪ್ಪ ಜೋಳ ತುಂಬಿಡುವ ಮಣ್ಣಿನ ಹರವಿಯಲ್ಲಿ ಒಣಮೆಣಸಿನಕಾಯಿ ಹೂಳಿಡುತ್ತಿದ್ದ. ಹುಳ ಹಿಡಿಯಬಾರದೆಂದು ಬೇವಿನ ಸೊಪ್ಪು ಹಾಕುವುದನ್ನು ಕಂಡಿದ್ದೆ, ಇದು ಯಾವ ಊರಿನ ರೂಢಿಯೋ ತಿಳಿಯಲಿಲ್ಲ. ತಳದಿಂದ ಒಂದು ಗೇಣು ಮೇಲೆ ಹಿಡಿಯಷ್ಟು ಕೆಂಪು ಕಾಯಿ ಚೆಲ್ಲಿ, ಅದರ ಮೇಲೆ ಜೋಳ ಸುರಿಯುತ್ತಿದ್ದ. ಗೊತ್ತಿಲ್ಲದೆ ನಾನು ಜೋಳವನ್ನು ಕಾಯಿಯ ಚೂರುಗಳ ಸಮೇತ ಬೀಸುವ ಕಲ್ಲಿಗೆ ಹಾಕಿದೆ. ಅವತ್ತಿನ ರೊಟ್ಟಿ ತಿಂದ ಮಕ್ಕಳು ಹಾ ಹಾ ಎನ್ನುತ್ತ ಅಂಗಳದ ತುಂಬ ಕುಣಿದವು. ಕೈಯಲ್ಲಿದ್ದ ಮೊರ ಕೆಳಗಿಡದೆಯೇ ಅವನ ಮೇಲೆ ಹರಿಹಾಯ್ದೆ.

"ತಲಿ ಕೆಟ್ಟೈತೇನೋ ನಿನಗ? ಜ್ವಾಳದಾಗ ಯಾರರ ಮೆಣಸಿನಕಾಯಿ ಹಾಕ್ತಾರೇನು?"

"ಕೆಂಪಂದು ಕಂಡ್ತು ಅಂದ್ರ ಮುಗೀಲಿಕ್ಕ ಬಂತಂತ ತಿಳ್ಕೋಬೇಕ್ರಿ ವೈನಿ. ಖಾಲಿ ಆದಮ್ಯಾಲ ತಿಳದ್ರ ಏನು ಉಪಯೋಗ?" ಎಂದ, ತಲೆ ಎತ್ತದೆ.

ಉಪ್ಪಿನ ಗಡಿಗೆ, ಎಣ್ಣೆಯ ಡಬ್ಬಿ, ದೀಪದ ಬುರುಡೆ, ಯಾವುದೂ ತಳ ಕಾಣಬಾರದು ಅವನಿಗೆ. ಕಂಡರೆ ಮುಖ ಹುಳ್ಳಗೆ ಮಾಡಿಕೊಂಡು ಅಂಗಡಿಗೆ ಓಡುತ್ತಿದ್ದ. ನನಗೆ ನಗು ಬರುತ್ತಿತ್ತು, ಕೆಲವೊಮ್ಮೆ ಮೈ ಉರಿಯುತ್ತಿತ್ತು.

ಅವನು ಮೊದಲು ಕೊಪ್ಪಳದ ಹತ್ತಿಯ ಜಿನ್ನಿನಲ್ಲಿ ಯಂತ್ರದ ಕೆಲಸಕ್ಕಿದ್ದ. ಮಾಲೀಕನ ಕೂಡ ಜಗಳ ತೆಗೆದು, ನಮಗ್ಯಾರಿಗೂ ಹೇಳದೆ ಬಳ್ಳಾರಿಗೆ ಹೋಗಿ ವಿಮಾನದ ಪಡೆಗೆ ಸೇರಿಬಿಟ್ಟ. ಬರ್ಮಾದ ಗಡಿಯಲ್ಲಿ ಕಾದಾಡಿದ ಒಂದು ಫೈಟರ್ ಸ್ಕ್ವಾಡ್ರನ್ನಿನಲ್ಲಿ ವಿಮಾನದ ರೆಕ್ಕೆಯೊಳಗಿನ ಬಂದೂಕುಗಳಿಗೆ ಗುಂಡು ತುಂಬುವುದು ಅವನ ಕೆಲಸ. ಯುದ್ಧ ಮುಗಿದ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಹೊತ್ತು ಕುಷ್ಟಗಿಗೆ, ನಮ್ಮ ಮನೆಗೇ ಬಂದ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಆ ಸ್ಕ್ವಾಡ್ರನ್ನಿನ ಯುದ್ಧದ ಕಥೆಯನ್ನೆಲ್ಲ ನಾನು ಕೇಳಿದ್ದು ಒಲೆಯ ಮುಂದೆ. ನಾನು ರೊಟ್ಟಿ ಬಡಿಯುವಾಗ ಅವನು ಹೊಸ್ತಿಲ ಮೇಲೆ ಕೂತು ಹೇಳುತ್ತಿದ್ದ. ಮಳೆಗೆ ಕೆಸರಾದ ವಿಮಾನದ ಅಂಗಳ, ಜಿಗಣೆ ಹತ್ತಿದ ಕಾಲು, ಜಪಾನಿನವರು ಬಂದು ಬಾಂಬು ಹಾಕಿದಾಗ ಹೊಂಡದೊಳಗೆ ಉರುಳಿದ್ದು. ಬಂದೂಕಿನ ಬಾಯಿಗೆ ಧೂಳು, ಮಳೆ ಹೋಗದಂತೆ ಅರಿವೆಯ ತುಂಡು ಅಂಟಿಸಿ ಕಳಿಸುತ್ತಿದ್ದರಂತೆ. ವಿಮಾನ ತಿರುಗಿ ಬಂದಾಗ ಎಲ್ಲರೂ ಮೊದಲು ನೋಡುವುದು ಆ ಅರಿವೆಯನ್ನು. ಹರಿದಿತ್ತೆಂದರೆ ಗುಂಡು ಹಾರಿವೆ, ಕಾದಾಟ ಆಗಿದೆ.

ಕಟ್ಟೆಯ ಮೇಲಿನ ಜನ ಕೆಣಕುತ್ತಿದ್ದರು. "ನಾವು ಹೊಡದ್ವಿ, ನಾವು ಕೆಡವಿದ್ವಿ ಅಂತೀಯಲ್ಲೋ, ನೀ ಯಾವಾಗ ಹಾರಿದ್ದಿ?"

"ನಾ ಹಾರಿಲ್ರಿ. ನಾ ತುಂಬಿದ ಗುಂಡು ಹಾರ್ಯಾವ," ಎನ್ನುತ್ತಿದ್ದ. ಜನ ಹೋ ಎಂದು ನಗುತ್ತಿದ್ದರು. ನಕ್ಕರೆ ನಗಲಿ, ಅವರಲ್ಲಿ ಒಬ್ಬನೂ ತುಂಗಭದ್ರೆ ದಾಟಿದವನಲ್ಲ.

ಅವನು ನೋಡಿಕೊಳ್ಳುತ್ತಿದ್ದ ವಿಮಾನ ಹಾರಿಸುವವರು ಧಾರವಾಡದ ಕಡೆಯ ಒಬ್ಬ ದೇಸಾಯಿ ಸಾಹೇಬರು, ಇನ್ನೂ ಹುಡುಗರು. ಅಷ್ಟು ದೂರದಲ್ಲಿ ಕನ್ನಡದ ಮಾತಿಗೆ ಇವರಿಬ್ಬರೇ. "ಫಕೀರಪ್ಪಾ, ಇವತ್ತ ಜ್ವಾಳದ ರೊಟ್ಟಿ ಸಿಕ್ಕಿದ್ರ ಯುದ್ಧ ಬಿಟ್ಟ ಬರ್ತಿದ್ದೆ ನೋಡು" ಎಂದು ಏಣಿ ಹತ್ತುತ್ತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಫಕೀರಪ್ಪ ಬಾಯಿ ತುಂಬ ನಗುತ್ತಿದ್ದ.

ಆ ಸಾಹೇಬರಿಗೆ ಏನಾಯಿತೆಂದು ಅವನು ಹೇಳಿದ್ದು ಒಂದೇ ಸಲ, ಮಧ್ಯಾಹ್ನ ನಾವಿಬ್ಬರೂ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಾಗ. ಗುಂಡುಗಳನ್ನು ಉದ್ದನೆಯ ಪಟ್ಟಿಯಲ್ಲಿ ಸಾಲಾಗಿ ಜೋಡಿಸಿ ರೆಕ್ಕೆಯೊಳಗೆ ಮಡಿಚಿಡುವುದು ಪದ್ಧತಿ. ಅವುಗಳಲ್ಲಿ ಕೆಂಪಗೆ ಹೊತ್ತಿಕೊಂಡು ಹೋಗುವ ಗುಂಡುಗಳೂ ಇರುತ್ತವೆ. ಅಂಥವನ್ನು ಪಟ್ಟಿಯ ಬಾಲಕ್ಕೆ ಇಡು ಎಂದು ಸಾಹೇಬರು ಹೇಳಿದ್ದರು. ಕೆಂಪು ಕಂಡಿತೆಂದರೆ ಗುಂಡು ಮುಗಿಯಲು ಬಂತು, ಇನ್ನು ತಿರುಗಬೇಕು ಎಂಬ ಗುರುತು. ಆದರೆ ವೈರಿಗೂ ಈ ಗುರುತು ತಿಳಿದುಬಿಟ್ಟಿತು, ಕೆಂಪು ಕಂಡೊಡನೆ ಮೈಮೇಲೆ ಬೀಳತೊಡಗಿದ. ಒಂದು ಸಂಜೆ ಮೇಲಿನಿಂದ ಹುಕುಂ ಬಂತು, ಇನ್ನು ಮುಂದೆ ಬಾಲಕ್ಕೆ ಕೆಂಪು ಗುಂಡು ಇಡಬಾರದು.

"ತಗದೆ, ವೈನಿ. ಹುಕುಂ ಅಂದ್ಮ್ಯಾಲ ತಗೀಲೇಬೇಕಲ್ರಿ. ಸಾಹೇಬ್ರಿಗೆ ಸಾಹೇಬ್ರು ಹೇಳ್ತಾರ, ನಡಕ ನಾ ಯಾರು ಹೇಳಾಂವ ಅಂತ ಸುಮ್ಮಾದೆ. ಅಲ್ಲಿ ರೀತಿನೇ ಹಂಗ. ಬೆಳಿಗ್ಗೆ ನಾನs ಅವರ ಸೀಟಿನ ಬೆಲ್ಟ್ ಬಿಗದೆ. 'ರೊಟ್ಟಿ ಮಾಡ್ಸಿಡು' ಅಂತ ನಕ್ಕು ಹ್ವಾದ್ರು. ಅವರಿಗೆ ಯಾರೂ ಹೇಳಿದ್ದಿಲ್ಲ."

ಜೊತೆಗೆ ಹೋಗಿ ಬದುಕಿ ಬಂದವರು ಹೇಳಿದರಂತೆ. ದೇಸಾಯಿ ಸಾಹೇಬರು ಇನ್ನೂ ಗುಂಡಿವೆ ಎಂಬ ಧೈರ್ಯದಲ್ಲಿ ಮತ್ತೊಂದು ವಿಮಾನದ ಬೆನ್ನು ಹತ್ತಿದರು. ಗುಂಡು ಮುಗಿದು ಬಂದೂಕು ನಡುವೆಯೇ ನಿಂತಿತು. ಹಿಂದಿನಿಂದ ಬಂದವನು ಅವರನ್ನು ಕೆಡವಿದ. ಇಷ್ಟು ಹೇಳಿ ಫಕೀರಪ್ಪ ಕಣ್ಣು ಒರೆಸಿಕೊಳ್ಳಲು ಹೋದ, ಕೈಯೆಲ್ಲ ಖಾರ. ನಾನೇ ಅವನ ಮುಖಕ್ಕೆ ತಣ್ಣೀರು ಹಾಕಿದೆ.

ಮರುವರ್ಷ ಆ ಸಾಹೇಬರ ತಂದೆ ನಮ್ಮ ಮನೆ ಹುಡುಕಿಕೊಂಡು ಬಂದರು. ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು, ತಲೆಗೆ ರುಮಾಲು, ಕೈಯಲ್ಲಿ ಒಂದು ಚೀಲ. ಕುಷ್ಟಗಿಯ ಫಕೀರಪ್ಪನ ವಿಷಯ ಮಗ ರಜೆಗೆ ಬಂದಾಗ ಹೇಳಿದ್ದನಂತೆ.

ಅವರು ಕಾಲು ತೊಳೆಯುತ್ತಿದ್ದಾಗ ನನ್ನ ಯಜಮಾನರು ತಮ್ಮನನ್ನು ಅಡಿಗೆಮನೆಗೆ ಎಳೆದುಕೊಂಡು ಬಂದರು. "ಏನೂ ಗೊತ್ತಿಲ್ಲ ಅಂದ್ಬಿಡು. ನಿನ್ನ ಮ್ಯಾಲ ಬಂತಂದ್ರ ಊರಾಗ ತಲಿ ಎತ್ತಂಗಿಲ್ಲ."

ಫಕೀರಪ್ಪ ನನ್ನ ಮುಖ ನೋಡಿದ. "ನಿನಗ ಸರಿ ಕಂಡಂಗ ಮಾಡಪಾ" ಎಂದೆ.

ಮಾಸ್ತರರು ಕಂಬಳಿಯ ಮೇಲೆ ಕೂತು ನೇರವಾಗಿ ಕೇಳಿದರು. "ಅವನ ಮ್ಯಾಲಿನ ಅಧಿಕಾರಿ ಮನಿಗೆ ಬಂದಿದ್ರು. ನಿಮ್ಮ ಮಗ ಶೂರ, ಆದ್ರ ಗುಂಡು ಎಷ್ಟು ಉಳದಾವಂತ ನೋಡ್ಲಾರದ ದುಡುಕಿದ ಅಂದ್ರು. ಅವತ್ತಿಂದ ನಮ್ಮ ಮನಿಯಾಕಿ, ನನ್ನ ಮಗ ತನ್ನ ಕೈಯಾರೆ ಸತ್ತ ಅಂತ ಕೊರಗ್ತಾಳ. ನೀ ಅಲ್ಲೇ ಇದ್ದಿ. ಖರೇ ಏನಪಾ?"

ಫಕೀರಪ್ಪ ಎಲ್ಲವನ್ನೂ ಹೇಳಿದ. ಹುಕುಂ, ತೆಗೆದ ಗುಂಡು, ಬಿಗಿದ ಬೆಲ್ಟು, ಏನನ್ನೂ ಮುಚ್ಚಲಿಲ್ಲ.

"ಅಂದ್ರ ನನ್ನ ಮಗ ದುಡುಕಿದ್ದಿಲ್ಲ."

"ಇಲ್ರಿ. ಅವರದೇನೂ ತಪ್ಪಿಲ್ಲ. ನಾ ಒಂದು ಮಾತು ಹೇಳಿದ್ರ ಬದುಕ್ತಿದ್ರು."

"ಇದನ್ನ ಅಕಿ ಮುಂದ ಬಂದು ಹೇಳ್ತಿ?"

"ಬರ್ತೀನ್ರಿ."

ನಾನು ತಂದಿಟ್ಟ ಚಹ ಮಾಸ್ತರರು ಮುಟ್ಟಲಿಲ್ಲ. ಆ ಹುಕುಂ ಕೊಟ್ಟವರು ಯಾರು, ಸಾಹೇಬರಿಗೆ ಹೇಳಬೇಕಾಗಿದ್ದವರು ಯಾರು, ಅದನ್ನೂ ಕೇಳಲಿಲ್ಲ.

ಇಬ್ಬರನ್ನೂ ಕಳಿಸಲು ಮೋಟಾರು ಬಸ್ಸಿನ ತನಕ ನಾನೂ ಹೋದೆ. ಕೊಪ್ಪಳಕ್ಕೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಮಾಸ್ತರರು ಕಿಟಕಿಯ ಕಡೆ ಕೂತು, ಪಕ್ಕದ ಜಾಗದಲ್ಲಿ ತಮ್ಮ ಚೀಲ ಇಟ್ಟರು. ಫಕೀರಪ್ಪ ಕಂಬಿ ಹಿಡಿದು ನಿಂತ. "ಇರ್ಲಿ ಬಿಡ್ರಿ ವೈನಿ, ನಾ ನಿಂತs ಹೋಗ್ತೀನಿ" ಎಂದ, ನಾನು ಏನೂ ಕೇಳುವ ಮೊದಲೇ.

ಒಂದು ತಿಂಗಳಾದರೂ ಅವನು ಬರಲಿಲ್ಲ. ಯಜಮಾನರನ್ನು ಹೊರಡಿಸಿಕೊಂಡು ಧಾರವಾಡಕ್ಕೆ ಹೋದೆ. ಸಾಹೇಬರ ತಾಯಿ ಒಳ್ಳೆಯ ಹೆಂಗಸು, ಕುಂಕುಮ ಕೊಟ್ಟು ಕೂಡಿಸಿ ಅವಲಕ್ಕಿ ಮುಂದಿಟ್ಟರು. ಗೋಡೆಯ ಮೇಲೆ ಮಗನ ಫೋಟೋ, ಆಗತಾನೆ ಹಾಕಿದ ಮಲ್ಲಿಗೆಯ ಹಾರ. "ನನ್ನ ಮಗಂದು ಏನೂ ತಪ್ಪಿದ್ದಿಲ್ಲಂತ ಈಗ ಓಣಿಗೆಲ್ಲಾ ಗೊತ್ತಾತವಾ. ಗುಂಡು ತುಂಬಾಂವಂದs ತಪ್ಪಂತ. ಅವನೇ ಬಂದು ಒಪ್ಪಿಕೊಂಡ" ಎಂದರು. ಎಷ್ಟೋ ದಿನದ ಮೇಲೆ ನಿದ್ದೆ ಮಾಡಿ ಎದ್ದವರ ಮುಖ ಅವರದು.

ನಾನು ಅವಲಕ್ಕಿಯ ತಟ್ಟೆ ಬದಿಗೆ ಸರಿಸಿದೆ. "ಅಂವ ನನ್ನ ಮೈದುನ ರೀ. ಇಲ್ಲಿಂದ ಎತ್ತಾಗ ಹ್ವಾದ?" ಎಂದು ಕೇಳಿದೆ.

"ಕಾಲಿಗೆ ಬಿದ್ದ, ಎದ್ದು ಹ್ವಾದ," ಎಂದರು. "ಎಲ್ಲಿಗಂತ ನಾವು ಕೇಳ್ಲಿಲ್ಲವಾ."